ಬಂದವರಿಗೆ ಬಿಟ್ಟಿ, ತಪ್ಪಿಸಿದವರಿಗೆ ದಂಡ

ಕರಾಟೆ ಮೇಷ್ಟ್ರಿಗೆ ಒಂದೇ ಏಟಿಗೆ ಹಲಗೆ ಮುರಿಯುವುದು ಗೊತ್ತಿತ್ತು. ತಮಗಿಂತ ಎರಡು ಪಟ್ಟು ತೂಕದ ಆಸಾಮಿಯನ್ನು ಮಗು ಮಲಗಿಸಿದ ಹಾಗೆ ನೆಲಕ್ಕೆ ಮಲಗಿಸುವುದೂ ಗೊತ್ತಿತ್ತು. ಆದರೆ ಎದುರಿಗೆ ನಿಂತವರನ್ನು ‘ಫೀಸು ಕೊಡಿ’ ಅಂತ ಕೇಳುವುದು ಮಾತ್ರ ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ. ಕೇಳಲೆಂದು ಬಾಯಿ ತೆರೆದರೆ ಕಿವಿ ಕೆಂಪಾಗಿ, ನಾಲಿಗೆ ಒಣಗಿ, ಕೊನೆಗೆ ‘ನಿಮ್ಮ ಮಂಡಿ ನೋವು ಹೇಗಿದೆ?’ ಅಂತ ಕೇಳಿಬಿಡುತ್ತಿದ್ದರು. ಫೀಸು ಬಾಕಿ ಇಟ್ಟವರೆಲ್ಲ ಇಂಥ ಕಾಳಜಿಯ ಮನುಷ್ಯ ಇನ್ನೊಬ್ಬರಿಲ್ಲ ಎಂದು ಹೊಗಳುತ್ತಿದ್ದರು. ಮಂಡಿ ಚೆನ್ನಾಗಿಯೇ ಇದ್ದವರೂ ಹೊಗಳುತ್ತಿದ್ದರು.

ಶಾಲೆ ಅಂದರೆ ಮೊದಲ ಮಹಡಿಯ ಒಂದು ಉದ್ದನೆ ಕೋಣೆ. ಹಲಗೆ ನೆಲ, ಬೀದಿಗೆ ತೆರೆದ ಕಿಟಕಿಗಳು, ಒಂದು ಗೋಡೆಗೆ ಕನ್ನಡಿ, ಮೂಲೆಯಲ್ಲಿ ಒದೆ ತಿಂದು ತಿಂದು ಹೊಟ್ಟೆ ಜಾರಿದ ಮರಳಿನ ಚೀಲ. ಕೋಣೆಯ ಕೆಳಗೆ ಕಟ್ಟಡದ ಮಾಲೀಕರದೇ ಹಲ್ಲಿನ ಆಸ್ಪತ್ರೆ. ಮೇಲೆ ಇವರು ‘ಹಾ!’ ಎಂದು ನೆಲಕ್ಕೆ ಕಾಲು ಅಪ್ಪಳಿಸಿದಾಗಲೆಲ್ಲ ಕೆಳಗೆ ಡಾಕ್ಟರ ಕೈ ಅಲುಗುತ್ತಿತ್ತು.

ಡಾಕ್ಟರು ಒಂದು ದಿನ ಬಾಯಿಯ ಮುಸುಕನ್ನು ಗಲ್ಲಕ್ಕಿಳಿಸಿಕೊಂಡು ಮೆಟ್ಟಿಲು ಹತ್ತಿ ಬಂದರು. “ಮೇಷ್ಟ್ರೇ, ನಾನು ಒಂದು ಹಲ್ಲು ಕೀಳೋಕೆ ಹೋಗಿ ಪಕ್ಕದ್ದು ಬಂದ್ರೆ ಯಾರು ಹೊಣೆ? ಅದನ್ನಾದ್ರೂ ಸಹಿಸ್ಕೊಳ್ಳಬಹುದು. ಬಾಡಿಗೆ? ಸೋಫಾ ಅಂಗಡಿಯವನು ಈ ಕೋಣೆ ಕೊಡಿ, ಕೊಡಿ ಅಂತ ದುಂಬಾಲು ಬಿದ್ದಿದಾನೆ. ಸೋಫಾಗಳು ಕುಣಿಯಲ್ಲ. ಮೂರು ತಿಂಗಳು ನೋಡ್ತೀನಿ. ಅಷ್ಟರಲ್ಲಿ ಬಾಕಿ ತೀರದಿದ್ರೆ ನನ್ನ ಬೈಕೋಬೇಡಿ.”

ಕೋಣೆ ಹೋದರೆ ಮೇಷ್ಟ್ರ ಮುಂದಿದ್ದದ್ದು ಒಂದೇ ದಾರಿ, ಭಾವನ ಹಾಸಿಗೆ ಅಂಗಡಿ. ಭಾವ ಒಳ್ಳೆಯವರು. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಕುರ್ಚಿಯನ್ನೂ ಖಾಲಿ ಇಟ್ಟಿದ್ದರು. ಆದರೆ ಹರೆಯದಿಂದ ಈತನಕ ಜನಕ್ಕೆ ಗಟ್ಟಿಯಾಗಿ ನಿಲ್ಲುವುದನ್ನು ಕಲಿಸಿದ ಮನುಷ್ಯ ಇನ್ನು ಮೇಲೆ ಮೆತ್ತಗೆ ಮಲಗುವುದನ್ನು ಮಾರಬೇಕೇ?

ಅಕ್ಕ ಸೆರಗು ಬಿಗಿದು ನಿಂತಳು. ಅಕ್ಕ ಬಸ್ ಕಂಡಕ್ಟರ್ ಆಗಿ ನಿವೃತ್ತಳಾದವಳು. ತುಂಬಿ ತುಳುಕುವ ಬಸ್ಸಿನಲ್ಲಿ ಟಿಕೆಟ್ ತಪ್ಪಿಸಲು ನಿದ್ದೆ ನಟಿಸುವವರನ್ನು ರೆಪ್ಪೆ ಅದುರುವುದರಿಂದಲೇ ಹಿಡಿಯುತ್ತಿದ್ದವಳು. ಒಮ್ಮೆ ನೋಡಿದ ಮುಖ ಮರೆತವಳಲ್ಲ. ನೌಕರಿ ಮುಗಿದರೂ ಹೆಗಲ ಚರ್ಮದ ಚೀಲ ಇಳಿದಿರಲಿಲ್ಲ, ಕಂಠವಂತೂ ಒಂದು ಸ್ವರವೂ ಇಳಿದಿರಲಿಲ್ಲ.

“ಲೋ, ಮೊದಲು ಟಿಕೆಟ್, ಆಮೇಲೆ ಸೀಟು” ಅಂದಳು. “ವರ್ಷದ ಫೀಸು ಒಂದೇ ಸಲ ಇಸ್ಕೋ. ನಿನಗೆ ಬಾಯಿ ಬರಲ್ಲ ಅಂದ್ರೆ ನಾನು ಇಸ್ಕೋತೀನಿ. ದುಡ್ಡು ಕಟ್ಟಿದವನು ಎಲ್ಲಿ ಹೋಗ್ತಾನೆ? ಬಂದೇ ಬರ್ತಾನೆ.”

ಅಕ್ಕ ಬಾಗಿಲಲ್ಲಿ ಕೂತಳು, ದುಡ್ಡು ಬಂತು. ದುಡ್ಡು ಕಟ್ಟಿದವರು ಮಾತ್ರ ಬರಲಿಲ್ಲ. ಮೊದಲ ವಾರ ಅರ್ಧ ಕರಗಿದರು, ಆಮೇಲೆ ಉಳಿದರ್ಧ. ಎದುರುಗಡೆ ಬೇಕರಿಯವನನ್ನು ಮೇಷ್ಟ್ರು ಬೀದಿಯಲ್ಲಿ ಹಿಡಿದು ಕೇಳಿದರೆ ಅವನು ನೆಮ್ಮದಿಯಿಂದ ಹೊಟ್ಟೆ ಸವರಿಕೊಂಡ. “ವರ್ಷದ್ದು ಕಟ್ಟಿದೀನಲ್ಲ ಮೇಷ್ಟ್ರೇ, ಇನ್ನೂ ವರ್ಷ ಇದೆಯಲ್ಲ, ಅವಸರ ಏನು? ಕಟ್ಟಿದ ದಿನದಿಂದ ಮೈಯೇ ಹಗುರ ಆಗಿದೆ ನೋಡಿ.”

ಮೇಷ್ಟ್ರು ಖಾಲಿ ಕೋಣೆಯಲ್ಲಿ ನಿಂತು ಒಂದು, ಎರಡು ಎಂದು ಕೂಗಿದರು. ಕನ್ನಡಿಯಲ್ಲಿ ಕಂಡ ಒಬ್ಬನೇ ವಿದ್ಯಾರ್ಥಿಗೆ ನಲವತ್ತು ದಾಟಿತ್ತು, ಮತ್ತು ಅವನಿಗೆ ಎಲ್ಲವೂ ಬರುತ್ತಿತ್ತು. ಅಂಥವನಿಗೆ ಏನು ಕಲಿಸುವುದು? ಅವರ ಎದೆ ಉರಿಯಿತು. ಸಂಜೆಗೆ ಮುಂಚೆ ಡಬ್ಬಿಯಲ್ಲಿದ್ದ ದುಡ್ಡನ್ನೆಲ್ಲ ತೆಗೆದುಕೊಂಡು ಮನೆಮನೆಗೆ ಹೋಗಿ ಹಿಂದಿರುಗಿಸಿ ಬಂದರು. ದುಡ್ಡು ಕೇಳಲು ತಡವರಿಸುತ್ತಿದ್ದ ನಾಲಿಗೆ ಕೊಡುವಾಗ ಎಷ್ಟು ಸಲೀಸಾಗಿ ಓಡಿತೆಂದರೆ ಎರಡು ಮನೆಯವರು ತಾವು ಕೊಟ್ಟಿರದ ದುಡ್ಡನ್ನೂ ಇಸಿದುಕೊಂಡರು.

ಅಕ್ಕ ತಲೆಯ ಮೇಲೆ ಕೈ ಹೊತ್ತು ಕೂತಳು. “ನಿನ್ನ ತಲೆಗೆ ಯಾರಾದ್ರೂ ಒದ್ದಿದಾರೇನೋ?”

“ನನಗೆ ಬೇಕಾಗಿರೋದು ಅವರ ದುಡ್ಡಲ್ಲ ಅಕ್ಕ, ಅವರ ಕಾಲು!” ಮೇಷ್ಟ್ರು ಕೋಣೆಯ ತುಂಬ ಓಡಾಡುತ್ತಾ ಅಂದರು. “ಬಂದವನು ಯಾಕೆ ಫೀಸು ಕೊಡಬೇಕು? ಪಾಪ, ಬಂದಿದಾನೆ, ಬೆವರು ಸುರಿಸ್ತಿದಾನೆ. ತಪ್ಪಿಸ್ಕೊಂಡು ಮನೇಲಿ ಕಾಲು ಚಾಚಿದಾನಲ್ಲ, ಅವನು ಕೊಡಲಿ! ಇನ್ನು ಮೇಲೆ ಬಂದವರಿಗೆ ಬಿಟ್ಟಿ. ಒಂದು ದಿನ ತಪ್ಪಿದ್ರೂ ಇಡೀ ತಿಂಗಳ ಫೀಸು ದಂಡ. ಹೇಗಿದೆ?”

“ಬಸ್ಸು ಹತ್ತಿದವನಿಗೆ ಟಿಕೆಟ್ ಇಲ್ಲ, ಹತ್ತದವನಿಗೆ ಟಿಕೆಟ್” ಅಂದಳು ಅಕ್ಕ. “ಬಹಳ ಚೆನ್ನಾಗಿದೆ. ನಿಮ್ಮ ಭಾವನಿಗೆ ಫೋನ್ ಮಾಡಿ ಕುರ್ಚಿ ಒರೆಸಿಡೋಕೆ ಹೇಳ್ತೀನಿ.”

ಆದರೂ ತಮ್ಮ ತಮ್ಮನೇ. ಬೈದುಕೊಂಡೇ ಮೆಟ್ಟಿಲ ತುದಿಯಲ್ಲಿ ಸ್ಟೂಲು ಹಾಕಿ ಕೂತು ಅಕ್ಕ ಕಾನೂನು ಸಾರಿದಳು. “ಹೊಸ್ತಿಲು ದಾಟಿ ಒಳಗೆ ಬಂದ್ರೆ ಹಾಜರಿ! ದಾಟದಿದ್ರೆ ಗೈರು! ಗೈರಾದವರು ದುಡ್ಡು ತೆಗೀರಿ! ಮುಂದೆ ಹೋಗಿ, ಮುಂದೆ ಹೋಗಿ!”

ಆಮೇಲೆ ನಡೆದದ್ದನ್ನು ಹೇಳಿದರೆ ನಂಬುವುದು ಕಷ್ಟ. ಮನುಷ್ಯನ ಬುದ್ಧಿ ಎಂಥದ್ದು ನೋಡಿ, ಕಟ್ಟಿದ ದುಡ್ಡು ಹೋದರೆ ಹೋಗಲಿ ಎನ್ನುತ್ತದೆ, ಕಟ್ಟದೇ ಇರುವ ದುಡ್ಡು ಹೋಗುತ್ತದೆಂದರೆ ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತದೆ. ಬೇಕರಿಯವನು ಕೈಗೆ ಮೆತ್ತಿದ ಹಿಟ್ಟಿನ ಸಮೇತ ಓಡಿಬಂದು ಪಂಚ್ ಹೊಡೆದ. ಅವನು ಹೊಡೆದ ಕಡೆಯೆಲ್ಲ ಬಿಳಿ ಮೋಡ ಏಳುತ್ತಿತ್ತು. ನೆಗಡಿಯಾದವರು ಸೀನುತ್ತಾ ಬಂದರು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡವನೊಬ್ಬ ಹೆಂಡತಿಯ ಹೆಗಲ ಮೇಲೆ ಬಂದು ಗೋಡೆಗೊರಗಿ ಕೈಯಷ್ಟನ್ನೇ ಆಡಿಸಿದ. ಹೊತ್ತು ತಂದ ಹೆಂಡತಿ ‘ಇಷ್ಟು ಹತ್ತಿ ಬಂದಿದ್ದೇನೆ, ಸುಮ್ಮನೆ ಯಾಕೆ ಕೂರಲಿ’ ಎಂದು ತಾನೂ ಸಾಲಿಗೆ ನಿಂತಳು.

ಮೊಮ್ಮಗಳನ್ನು ಬಿಟ್ಟುಹೋಗಲು ಬರುತ್ತಿದ್ದ ಒಬ್ಬ ಅಜ್ಜಿ ಇದ್ದರು. ದಿನಾ ಬೆಂಚಿನ ಮೇಲೆ ಕೂತು ಹೆಣಿಗೆ ಹಾಕುತ್ತಿದ್ದವರು ಒಂದು ದಿನ ಕಡ್ಡಿಗಳನ್ನು ಚೀಲಕ್ಕೆ ತುರುಕಿ ಎದ್ದರು. “ಬಿಟ್ಟಿ ಅಂದ್ಮೇಲೆ ನನ್ನ ಸೊಂಟಕ್ಕೂ ಒಂದಿಷ್ಟು ಇರಲಿ ಮೇಷ್ಟ್ರೇ.” ಎರಡೇ ವಾರದಲ್ಲಿ ಅವರ ‘ಹಾ!’ ಕೇಳಿ ಮುಂದಿನ ಸಾಲಿನವರು ಬೆಚ್ಚಿ ದಾರಿ ಬಿಡುವಂತಾಯಿತು.

ಎಲ್ಲಕ್ಕಿಂತ ಮೇಲೆಂದರೆ ಒಬ್ಬ ಟ್ಯಾಕ್ಸಿ ಡ್ರೈವರನ ಕತೆ. ಅರ್ಧ ದಾರಿಯಲ್ಲಿ ಕ್ಲಾಸಿನ ಹೊತ್ತಾಯಿತೆಂದು ಗಿರಾಕಿಯನ್ನೇ ಮಹಡಿಗೆ ಹತ್ತಿಸಿಕೊಂಡು ಬಂದ. “ಸ್ವಲ್ಪ ಹೊತ್ತು ಸಾರ್, ದಂಡ ಬೀಳುತ್ತೆ.” ಗಿರಾಕಿ ಸೂಟ್‌ಕೇಸ್ ಹಿಡಿದು ಕಣ್ಣುಬಾಯಿ ಬಿಟ್ಟು ನಿಂತ, ಆಮೇಲೆ ಸೂಟ್‌ಕೇಸ್ ಕೆಳಗಿಟ್ಟ, ಆಮೇಲೆ ಟೈ ಸಡಿಲಿಸಿದ. ಅವನ ರೈಲು ತಪ್ಪಿತು. ಮರುದಿನವೂ ಬಂದ. ಅವನ ಊರು ಯಾವುದೆಂದು ಯಾರೂ ಕೇಳಲಿಲ್ಲ, ಅವನೂ ಅದರ ಮಾತೆತ್ತಲಿಲ್ಲ.

ಕೋಣೆ ಸಾಲದೆ ಸಾಲುಗಳು ಒಂದಕ್ಕೊಂದು ಅಂಟಿಕೊಂಡವು. ತಿರುಗು ಅಂದರೆ ಎಲ್ಲರೂ ಒಟ್ಟಿಗೇ ತಿರುಗಬೇಕು, ಇಲ್ಲವೆಂದರೆ ಮೂಗಿಗೆ ಮೂಗು. ಅದರಿಂದಲೇ ಅವರು ಒಟ್ಟಿಗೆ ತಿರುಗುವುದನ್ನು ಕಲಿತರು. ಮೇಷ್ಟ್ರಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ರಸ್ತೆಯಲ್ಲಿ ಹೋಗುವಾಗ ದೀಪದ ಕಂಬಕ್ಕೂ ಒಂದು ಕಿಕ್ ಕೊಟ್ಟು, ಅದಕ್ಕೇ ತಲೆಬಾಗಿ ವಂದಿಸಿ ಮುಂದೆ ಹೋಗುತ್ತಿದ್ದರು. ಇಷ್ಟು ಜನ, ಇಷ್ಟು ಬೆವರು, ಇಷ್ಟು ಗದ್ದಲ! ಜೀವನದಲ್ಲಿ ಇನ್ನೇನು ಬೇಕು?

ಬಾಡಿಗೆ ಬೇಕಾಗಿತ್ತು. ಯಾರೊಬ್ಬರೂ ತಪ್ಪಿಸುತ್ತಿರಲಿಲ್ಲವಾದ್ದರಿಂದ ದಂಡದ ಒಂದು ಕಾಸೂ ಹುಟ್ಟಲಿಲ್ಲ. ಅಕ್ಕ ದಿನಾ ಸಂಜೆ ಖಾಲಿ ಚೀಲವನ್ನು ತಮ್ಮನ ಮೂಗಿನ ಮುಂದೆ ತಲೆಕೆಳಗು ಮಾಡಿ ಕೊಡವುತ್ತಿದ್ದಳು. “ಹೌಸ್‌ಫುಲ್! ಬಸ್ಸಿನ ಟಾಪಿನ ಮೇಲೂ ಜನ! ಡೀಸೆಲ್ಲಿಗೆ ನಿನ್ನ ಬೆವರು ಹಾಕೋಣ್ವಾ?”

ಮೇಷ್ಟ್ರು ಆಗ ನಗುತ್ತಿದ್ದರು. ತಿಂಗಳು ಉರುಳುತ್ತಿದ್ದಂತೆ ಆ ನಗು ತೆಳ್ಳಗಾಗುತ್ತಾ ಬಂತು.

ಗಡುವಿಗೆ ಇನ್ನೇನು ಒಂದೆರಡು ದಿನವಿದೆ ಎನ್ನುವಾಗ ಸೋಫಾ ಅಂಗಡಿಯವನು ಅಳತೆ ಟೇಪು ಹಿಡಿದು ಬಂದೇಬಿಟ್ಟ. ಕ್ಲಾಸು ನಡೆಯುತ್ತಿತ್ತು. ಅವನು ಪಾಪ ತಗ್ಗಿ ಬಗ್ಗಿ, ಒದೆಯುವ ಕಾಲುಗಳ ನಡುವೆ ತೆವಳಿ, ಈ ಗೋಡೆಯಿಂದ ಆ ಗೋಡೆಗೆ ಟೇಪು ಎಳೆದ. ಬೇಕರಿಯವನಿಗೆ “ಸ್ವಲ್ಪ ಉಸಿರು ಒಳಗೆ ಎಳ್ಕೊಳ್ಳಿ” ಎಂದು ಅವನ ಹೊಟ್ಟೆಯ ಅಡಿಯಲ್ಲಿ ಟೇಪು ತೂರಿಸಿದ. ಅಜ್ಜಿಯ ಹತ್ತಿರ ಬಂದಾಗ ಅಜ್ಜಿ ಟೇಪಿನ ಮೇಲೆ ಕಾಲಿಟ್ಟು ನಿಂತರು.

“ಏನಪ್ಪಾ ಅಳೀತಿದೀಯ?”

“ಮೂರು ಸೀಟಿನ ಸೋಫಾ ಎಷ್ಟು ಹಿಡಿಯುತ್ತೆ ಅಂತ ಅಜ್ಜಿ. ಒಂದನೇ ತಾರೀಖಿಗೆ ಕೋಣೆ ನಮ್ಮದು.”

ಎತ್ತಿದ ಕೈಗಳೆಲ್ಲ ಎತ್ತಿದಲ್ಲೇ ನಿಂತವು. ಎಲ್ಲರ ಕಣ್ಣೂ ಮೇಷ್ಟ್ರ ಕಡೆ. ಮೇಷ್ಟ್ರು ನೆಲ ನೋಡಿದರು, ಕಿವಿ ಕೆಂಪಾಯಿತು. “ನಿಮ್ಮ ಮಂಡಿ...” ಎಂದು ಅಜ್ಜಿಯನ್ನು ಕೇಳಲು ಹೊರಟು ಅಲ್ಲಿಗೇ ನಿಲ್ಲಿಸಿದರು.

ಬೇಕರಿಯವನು ಆಗಲೇ ಜೇಬಿಗೆ ಕೈ ಹಾಕಿದ್ದ. “ಎಷ್ಟು ಬೇಕು ಹೇಳಿ ಮೇಷ್ಟ್ರೇ. ಇಷ್ಟು ದಿನ ಬಾಯಿ ಮುಚ್ಕೊಂಡಿದ್ರಲ್ಲ, ಏನು ಮನುಷ್ಯರು ನೀವು?” ಟ್ಯಾಕ್ಸಿಯವನು, ಅವನ ಗಿರಾಕಿ, ಗಂಡನನ್ನು ಹೊತ್ತು ತರುವ ಹೆಂಡತಿ, ಎಲ್ಲರೂ ಚೀಲ, ಜೇಬು ತಡಕಿದರು.

“ಕೈ ತೆಗೀರಿ!” ಮೇಷ್ಟ್ರು ಗುಡುಗಿದರು. ಅಷ್ಟು ಜೋರಾಗಿ ಅವರು ಎಂದೂ ಗುಡುಗಿದವರಲ್ಲ. “ಬಂದವರ ಹತ್ತಿರ ನಾನು ಕಾಸು ಮುಟ್ಟಲ್ಲ. ನಿಯಮ ಅಂದ್ರೆ ನಿಯಮ. ನನಗೇ ನಿಯಮ ಬೇಡ ಅಂದ್ರೆ ನಿಮಗೆ ಏನು ಕಲಿಸಿದ ಹಾಗಾಯ್ತು? ಸಾಲಿಗೆ ನಿಲ್ಲಿ. ಇನ್ನೊಂದು ಸಲ, ಮೊದಲಿನಿಂದ.”

ಸಾಲಿಗೆ ನಿಂತರು. ಆದರೆ ಅಂದು ಯಾರ ಒದೆಯಲ್ಲೂ ಜೀವವಿರಲಿಲ್ಲ. ಕ್ಲಾಸು ಮುಗಿದ ಮೇಲೆ ಮೆಟ್ಟಿಲ ಮೇಲೆ ಗುಸುಗುಸು ಕೇಳಿಸಿತು, ಅದರ ಮಧ್ಯೆ ಅಕ್ಕನ ಪಿಸುಮಾತೂ ಇತ್ತು. ಅಕ್ಕನ ಪಿಸುಮಾತು ಎರಡು ಬೀದಿಯಾಚೆಗೆ ಕೇಳಿಸುವಂಥದ್ದು. ಮೇಷ್ಟ್ರು ಆ ಹೊತ್ತಿಗೆ ನಲ್ಲಿಯಡಿ ತಲೆ ಒಡ್ಡಿಕೊಂಡಿದ್ದರಿಂದ ಅವರಿಗೆ ಮಾತ್ರ ಕೇಳಿಸಲಿಲ್ಲ.

ಮರುದಿನ ಕ್ಲಾಸಿನ ಹೊತ್ತಿಗೆ ಮೇಷ್ಟ್ರು ಬೆಲ್ಟು ಬಿಗಿದು ಕನ್ನಡಿಯ ಮುಂದೆ ನಿಂತರು. ಯಾರೂ ಬರಲಿಲ್ಲ. ಗಡಿಯಾರ ನೋಡಿದರು, ಕೈಗಡಿಯಾರವನ್ನೂ ನೋಡಿದರು. ಮೆಟ್ಟಿಲ ತುದಿಯಲ್ಲಿ ಸ್ಟೂಲಿತ್ತು, ಅಕ್ಕ ಇರಲಿಲ್ಲ. ಮಂಡಿ ನೋವಿಗೆ ಹೆದರದ, ನೆಗಡಿಗೆ ಹೆದರದ, ಮುರಿದ ಕಾಲಿಗೂ ಹೆದರದ ಜನ ಇಂದು ಒಬ್ಬರೂ ಇಲ್ಲ.

ಹೌದಲ್ಲ, ಮುಚ್ಚಿಹೋಗುವ ಶಾಲೆಗೆ ಯಾರು ಬರುತ್ತಾರೆ? ಸೋಫಾ ಬರುವ ಕೋಣೆಯಲ್ಲಿ ಬೆವರು ಸುರಿಸಿ ಏನು ಸಿಗುತ್ತದೆ? ತಮಗೂ ಮಕ್ಕಳಿಗೂ ಬೇರೆ ಶಾಲೆ ಹುಡುಕಿಕೊಂಡಿರುತ್ತಾರೆ, ಅದು ಸರಿಯೇ. ಹಾಗೆಂದು ಮನಸ್ಸಿಗೆ ಎಷ್ಟು ಸಮಾಧಾನ ಹೇಳಿದರೂ ಅದು ಕೇಳಲಿಲ್ಲ. ಕೋಣೆ ಹೋಗುವುದಕ್ಕಿಂತ ಇವರೆಲ್ಲ ಹೋದದ್ದೇ ಹೆಚ್ಚು ನೋಯುತ್ತಿತ್ತು. ಅವರು ಮರಳಿನ ಚೀಲವನ್ನು ಅಪ್ಪಿಕೊಂಡು ಅದರ ಜಾರಿದ ಹೊಟ್ಟೆಗೆ ಹಣೆಯೂರಿ ನಿಂತುಬಿಟ್ಟರು.

“ಒಂದು!”

ಬೀದಿಯಿಂದ ಬಂದ ಕೂಗು. ಬಿಸಿ ಬಿಸಿ ಬ್ರೆಡ್ ಎಂದು ಕೂಗಿ ಪಳಗಿದ ಕಂಠ.

“ಎರಡು!” ಅದರ ಬೆನ್ನಿಗೇ ಒಂದು ‘ಹಾ!’ ಎದ್ದಿತು. ಅದು ಅಜ್ಜಿಯದು, ಸಂಶಯವೇ ಇಲ್ಲ.

ಮೇಷ್ಟ್ರು ಕಿಟಕಿಗೆ ಹಾರಿದರು. ಕೆಳಗೆ ಬೀದಿಯ ತುಂಬ ಬಿಳಿ ಬಟ್ಟೆ! ಟ್ಯಾಕ್ಸಿಯವನು ಗಾಡಿಯನ್ನು ರಸ್ತೆಗೆ ಅಡ್ಡ ನಿಲ್ಲಿಸಿದ್ದ. ಪಾದಚಾರಿ ದಾರಿಯಿಂದ ಹಿಡಿದು ಬೇಕರಿಯ ಬಾಗಿಲವರೆಗೆ ಸಾಲು ಸಾಲಾಗಿ ಜನ ನಿಂತು, ಗುದ್ದಿ, ಒದ್ದು, ತಿರುಗುತ್ತಿದ್ದರು. ಕಾಲಿಗೆ ಪಟ್ಟಿ ಕಟ್ಟಿಕೊಂಡವನಿಗೆ ಒಂದು ಕುರ್ಚಿಯನ್ನೂ ಹಾಕಲಾಗಿತ್ತು. ಸಾಲುಗಳ ನಡುವೆ ಅಕ್ಕ ಚರ್ಮದ ಚೀಲ ಝಣಝಣಿಸುತ್ತಾ ನುಗ್ಗುತ್ತಿದ್ದಳು. “ಗೈರು! ಗೈರು! ತೆಗೀರಿ ದಂಡ! ಚಿಲ್ಲರೆ ಇಟ್ಕೊಳ್ಳಿ! ಮುಂದೆ ಹೋಗಿ!”

“ಅಜ್ಜೀ! ಏನಿದು?” ಮೇಷ್ಟ್ರು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದರು.

“ನಮ್ಮನ್ನ ಮಾತಾಡಿಸಬೇಡಿ ಮೇಷ್ಟ್ರೇ, ನಾವು ಇವತ್ತು ಬಂದಿಲ್ಲ!” ಅಜ್ಜಿ ಮೇಲಕ್ಕೆ ನೋಡದೆ ಉತ್ತರಿಸಿದರು. “ಎಲ್ರೂ ತಪ್ಪಿಸ್ಕೊಂಡಿದೀವಿ! ಹೊಸ್ತಿಲು ದಾಟಿಲ್ಲ ನೋಡಿ!”

ಒಂದು ದಿನ ತಪ್ಪಿದರೆ ಇಡೀ ತಿಂಗಳ ಫೀಸು. ಅಷ್ಟೂ ಜನ, ಒಂದೇ ದಿನ. ಮೇಷ್ಟ್ರ ತಲೆಯಲ್ಲಿ ಲೆಕ್ಕ ಬಿಚ್ಚಿಕೊಳ್ಳಲು ಒಂದು ಗಳಿಗೆ ಹಿಡಿಯಿತು. ಬಿಚ್ಚಿಕೊಂಡ ಮೇಲೆ ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಎರಡೂ ಒಟ್ಟಿಗೇ ನುಗ್ಗಿ ಅವರಿಗೆ ಬಿಕ್ಕಳಿಕೆ ಹತ್ತಿತು.

ಅಷ್ಟರಲ್ಲಿ ಮೇಷ್ಟ್ರ ಕಣ್ಣಿಗೆ ಇನ್ನೊಂದು ಬಿತ್ತು. ತಿರುಗುವಲ್ಲಿ ಎಡಗಾಲು ಮುಂದಿಡಬೇಕು, ಬೇಕರಿಯವನು ಬಲಗಾಲಿಟ್ಟ. ಅವನ ಹಿಂದಿನವರೂ ಬಲಗಾಲೇ. ಇಡೀ ಬೀದಿಯೇ ಬಲಗಾಲು.

“ಎಡಗಾಲು!” ಮೇಷ್ಟ್ರ ಬಾಯಿ ತಾನೇ ತೆರೆದುಕೊಂಡಿತು. “ಎಡಗಾಲು ಕಣಯ್ಯಾ!”

“ಲೋ, ಬಾಯಿ ಮುಚ್ಚೋ!” ಅಕ್ಕ ಬೀದಿಯಿಂದ ಗರ್ಜಿಸಿದಳು. “ನೀನು ಕಲಿಸಿದ್ರೆ ಕ್ಲಾಸಾಗುತ್ತೆ, ಕ್ಲಾಸಾದ್ರೆ ಹಾಜರಿ ಆಗುತ್ತೆ, ಇಸ್ಕೊಂಡಿದ್ದೆಲ್ಲ ವಾಪಸ್ ಕೊಡಬೇಕಾಗುತ್ತೆ!”

ಮೇಷ್ಟ್ರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಕೆಳಗೆ ಮತ್ತೆ ಬಲಗಾಲು ಬಿತ್ತು. ಮೇಷ್ಟ್ರು ಕಿಟಕಿಯ ಚೌಕಟ್ಟಿಗೆ ಒರಗಿ ಒದ್ದಾಡಿದರು. ಹಲ್ಲು ಕೀಳಿಸಿಕೊಳ್ಳುವವರೂ ಅಷ್ಟು ಒದ್ದಾಡಿರಲಾರರು. ಆ ಹೊತ್ತಿಗೆ ಡಾಕ್ಟರೂ ಹೊರಗೆ ಬಂದಿದ್ದರು, ಅವರ ಹಿಂದೆ ಕುತ್ತಿಗೆಗೆ ನೀಲಿ ಬಟ್ಟೆ ಕಟ್ಟಿಕೊಂಡ ಒಬ್ಬ ರೋಗಿ. “ಇವತ್ತು ಮೇಲೆ ಸದ್ದೇ ಇಲ್ಲ, ಕೈಯೇ ಓಡ್ತಿಲ್ಲ” ಎಂದು ಡಾಕ್ಟರು ಗೊಣಗಿದರು. ಅಕ್ಕ ಅವರ ಮುಂದೆ ಚೀಲ ತಂದು ಬಾಯಿ ಬಿಚ್ಚಿ ಹಿಡಿದಳು. ಡಾಕ್ಟರು ಚೀಲ ನೋಡಿದರು, ಬೀದಿ ನೋಡಿದರು, ತಮ್ಮ ಕೈಗವಸು ಕಳಚಿದರು. ಮೆಟ್ಟಿಲ ಮೇಲೆ ಕೂತು ಇಬ್ಬರೂ ಎಣಿಸಿದರು. ರೋಗಿ ಊದಿದ ಕೆನ್ನೆ ಹಿಡಿದುಕೊಂಡೇ ನಾಣ್ಯಗಳನ್ನು ಬೇರೆ ಮಾಡಿಕೊಟ್ಟ.

“ಬಾಕಿಯೆಲ್ಲ ತೀರಿತು” ಡಾಕ್ಟರು ಎದ್ದು ಘೋಷಿಸಿದರು. ಆಮೇಲೆ ಮೇಲಿನ ಕಿಟಕಿ ನೋಡಿ, “ಮುಂದಿನ ತಿಂಗಳದ್ದು?” ಅಂದರು.

“ತಿಂಗಳಿಗೊಂದು ದಿನ ನಾವು ಬರಲ್ಲ!” ಅಜ್ಜಿ ಸಾಲಿನಿಂದಲೇ ಕೈ ಎತ್ತಿದರು. “ಉಳಿದ ದಿನ ತಪ್ಪಿಸೋದಿಲ್ಲ. ಮೇಷ್ಟ್ರು ಬೇಡ ಅಂದ್ರೂ ಕೇಳಲ್ಲ. ತಪ್ಪಿಸ್ಕೊಳ್ಳೋದು ನಮ್ಮ ಹಕ್ಕು, ದಂಡ ಕಟ್ಟೋದು ನಮ್ಮ ಇಷ್ಟ. ಏನ್ರಪ್ಪಾ?”

ಬೀದಿಯೇ ‘ಹಾ!’ ಎಂದಿತು. ಬೇಕರಿಯ ಗಾಜು ನಡುಗಿತು.

ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬರಿಗಾಲಲ್ಲೇ ಬೀದಿಗೆ ಬಿದ್ದರು. ಕೊನೆಯ ಸಾಲಿನ ಹಿಂದೆ ಸದ್ದಿಲ್ಲದೆ ನಿಲ್ಲಲು ಹೋದವರ ಕೊರಳಪಟ್ಟಿ ಅಕ್ಕನ ಕೈಗೆ ಸಿಕ್ಕಿತು.

“ನೀನೆಲ್ಲಿಗೆ? ಕಲಿಸೋಕಾ?”

“ಇಲ್ಲಕ್ಕ” ಮೇಷ್ಟ್ರು ಬಿಕ್ಕಳಿಸಿದರು. “ನಾನೂ ಇವತ್ತು ಬಂದಿಲ್ಲ.”

“ಹಾಗಾದ್ರೆ ತೆಗಿ ದುಡ್ಡು.”

ಮೇಷ್ಟ್ರು ಬಿಳಿ ಡ್ರೆಸ್ಸಿನಲ್ಲಿ ಇಲ್ಲದ ಜೇಬು ತಡಕಿದರು. ಬೇಕರಿಯವನು ಎಣಿಕೆ ನಿಲ್ಲಿಸದೆಯೇ ಅವರ ಪಾಲಿನ ದಂಡವನ್ನು ಅಕ್ಕನ ಕಡೆಗೆ ಎಸೆದ. ಅಕ್ಕ ಅದನ್ನು ಗಾಳಿಯಲ್ಲೇ ಹಿಡಿದು, ತಮ್ಮನ ಬೆನ್ನಿಗೊಂದು ಗುದ್ದಿ, ಅಜ್ಜಿಯ ಮೊಮ್ಮಗಳ ಹಿಂದೆ ನಿಲ್ಲಿಸಿದಳು.

“ಮೂರು!” ಎಂದಿತು ಬೀದಿ. ತಿರುಗುವ ಜಾಗ ಬಂತು, ಎಡಗಾಲು ಇಡಬೇಕಾದ ಜಾಗ. ಹರೆಯದಿಂದ ಒಮ್ಮೆಯೂ ಆ ಕಾಲು ತಪ್ಪದ ಮೇಷ್ಟ್ರು ಸಾಲಿನ ಕಡೆ ನೋಡಿದರು, ಮತ್ತು ಎಲ್ಲರ ಜೊತೆ ಬಲಗಾಲಿಟ್ಟರು.